ಬಲಕ್ಕೆ ಏರುವ ಗೆರೆ

ಹಸಿರು ದೀಪ ಮಿಟುಕುತ್ತಿದೆ, ಅಂದರೆ ಜೀವ ಇದೆ, ಯೋಚಿಸುತ್ತಿದೆ, ಅಂಗೈಯಷ್ಟಗಲದ ಹಲಗೆಗೆ ಇಷ್ಟೊಂದು ಯೋಚನೆ ಯಾಕೋ, ಮುಟ್ಟಿದರೆ ಈಗಷ್ಟೇ ಇಳಿಸಿದ ಹಾಲಿನ ಪಾತ್ರೆಯ ಹಾಗೆ ಬಿಸಿ — ಅಕ್ಕ ಇದಕ್ಕೆ ಬಿಸ್ಕತ್ತು ಅಂತ ಹೆಸರಿಟ್ಟಿದ್ದಾಳೆ, ನಿನ್ನ ಬಿಸ್ಕತ್ತು ಎದ್ದಿತೇನೋ, ಅದಕ್ಕೊಂದು ಲೋಟ ಕಾಫಿ ಕೊಡೋಣ್ವೇನೋ — ದೊಡ್ಡ ಕಂಪ್ಯೂಟರ್ ಕೊಳ್ಳಲಾಗದವನಿಗೆ ಇದೇ ಕಂಪ್ಯೂಟರ್, ಮೈಮೇಲೆ ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಕಿವಿಯಂತೂ ಮೊದಲೇ ಇಲ್ಲ, ಎಲ್ಲವನ್ನೂ ನಾನೇ ತಗುಲಿಸಬೇಕು, ಹಳೇ ಟೀವಿಯೇ ಪರದೆ, ಸದ್ದು ಒಳಗೆ ಹೋಗಲು ಹೆಬ್ಬೆರಳಿನಷ್ಟು ಸೌಂಡ್ ಕಾರ್ಡ್, ಅದರ ತುದಿಗೆ ಪೆನ್ಸಿಲ್‌ನಂಥ ಮೈಕು. ಸದ್ದು ಅಳೆದು ಪರದೆಯ ಮೇಲೆ ಗೆರೆ ಎಳೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಆದರೆ ದೊಡ್ಡ ಯಂತ್ರಗಳಿಗೆಂದು ಬರೆದದ್ದು, ಬಿಸ್ಕತ್ತಿನ ಮೇಲೆ ಕೂರಲು ವಾರವೆಲ್ಲ ಹಟ ಮಾಡಿತು, ಅದು ಸಾಲದು ಇದು ಹಳತು ಅಂದಿತು, ಕೊನೆಗೆ ಕೂತಿತು — ಅಳೆಯಬೇಕಾದದ್ದು ಅಕ್ಕನೂ ನಾನೂ ಮಾಡಿ ಮಾರಿದ ಈ ಜೋಡಿ ಸ್ಪೀಕರು, ಸಭಾಂಗಣದವರು ವಾಪಸು ತಂದು ಹಾಕಿದ್ದು, ನಮ್ಮ ಕೈಯಿಂದ ಹೋದದ್ದು ನಮ್ಮ ಬಾಗಿಲಿಗೇ ಮರಳಿದ್ದು ಇದೇ ಮೊದಲು. ಅಲ್ಲಿಯ ಮ್ಯಾನೇಜರ್ ಟೆಂಪೋದಿಂದ ಇಳಿಯುವ ಮೊದಲೇ ಶುರು ಮಾಡಿದ್ದ, ಏನ್ ಸ್ವಾಮಿ ಇದು, ಭಾಷಣ ಮಾಡೋರು ಸ ಅಂದ್ರೆ ಸಾಕು, ಕಿವಿಗೆ ಸೂಜಿ ಹಾಕ್ದಂಗಾಗತ್ತೆ, ಮುಂದಿನ ಸಾಲಿನೋರು ಎದ್ದು ಹೋಗ್ತಾರೆ — ನಾನೂ ಬಿಡಲಿಲ್ಲ, ಗಾಜು ಕಲ್ಲು ಬಿಟ್ರೆ ನಿಮ್ಮ ಹಾಲ್‌ನಲ್ಲಿ ಏನಿದೆ, ದೋಷ ನಿಮ್ಮ ಗೋಡೇದು ಅಂದೆ, ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ ಅಂತ ಅವನು ಹಲ್ಲು ಕಿರಿದ, ನಮ್ಮಕ್ಕನ ಕಿವಿ ತಪ್ಪಲ್ಲ ಸ್ವಾಮಿ, ಅಳೆದೇ ತೋರಿಸ್ತೀನಿ, ಬರೋ ವಾರ ಬನ್ನಿ, ಗೆರೆ ನೋಡಿ ಆಮೇಲೆ ಮಾತಾಡಿ ಅಂದುಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಸುಮ್ಮನೆ ಅಲ್ಲ, ಇವತ್ತು ಸಂಜೆ ಅವನು ಬರುತ್ತಾನೆ.

ಅಕ್ಕನ ಕಿವಿ — ಮರ ಕೊಯ್ಯುವುದು, ಅಂಟು ಹಾಕುವುದು, ತಂತಿ ಎಳೆಯುವುದು ನಾನು, ಸ್ಪೀಕರ್ ಪೆಟ್ಟಿಗೆಗೆ ಪ್ರಾಣ ಬರಿಸುವುದು ಅವಳು, ಬೆಸುಗೆ ಕಡ್ಡಿ ಹಿಡಿದು ಕೂತಳೆಂದರೆ ಹತ್ತಿರ ಸುಳಿಯುವ ಹಾಗಿಲ್ಲ, ಒಂದು ಬಿಡಿಭಾಗ ತೆಗೆ, ಇನ್ನೊಂದು ಹಾಕು, ಕೇಳು, ಮತ್ತೆ ತೆಗೆ, ಪರೀಕ್ಷೆಗೆ ಹಾಡಲ್ಲ ವಾದ್ಯವಲ್ಲ, ಅಮ್ಮ. ಎಂದೋ ಅವಳು ಟೇಪ್‌ರೆಕಾರ್ಡರ್ ರಿಪೇರಿ ಮಾಡಿ ಸರಿಹೋಯಿತೇ ಅಂತ ರೆಕಾರ್ಡ್ ಗುಂಡಿ ಒತ್ತಿದಾಗ ಅಡುಗೆಮನೆಯಿಂದ ಅಮ್ಮ ಬೈದದ್ದು ಅಚ್ಚಾಗಿ ಉಳಿದಿದೆ, ಸಾಕು ನಿಲ್ಸೇ ಅದನ್ನ, ಸೊಪ್ಪು ಸೀದ್ ಹೋಗ್ತಿದೆ, ಸೌಟು ಎಲ್ಲಿಟ್ಟೆ — ಅಷ್ಟೇ, ಅಮ್ಮನದು ಅಂತ ಉಳಿದ ದನಿ ಅಷ್ಟೇ, ನನಗೆ ಅಮ್ಮನ ಮುಖವೂ ನೆಟ್ಟಗೆ ನೆನಪಿಲ್ಲ, ನನ್ನನ್ನು ಎತ್ತಿ ಆಡಿಸಿದ್ದು, ಮೂಗು ಒರೆಸಿದ್ದು, ಶಾಲೆಗೆ ದಬ್ಬಿದ್ದು ಎಲ್ಲ ಅಕ್ಕ. ಪ್ರತಿಯೊಂದು ಪೆಟ್ಟಿಗೆಯಲ್ಲೂ ಆ ಟೇಪನ್ನು ಹಾಕುತ್ತಾಳೆ, ನೆನಪಿನಲ್ಲಿರುವ ಅಮ್ಮನಿಗೂ ಪೆಟ್ಟಿಗೆಯೊಳಗಿನ ಅಮ್ಮನಿಗೂ ಭೇದ ಕಾಣದಾಗುವ ತನಕ ಬಿಡುವುದಿಲ್ಲ, ಆಮೇಲೆ ಕಡ್ಡಿ ಕೆಳಗಿಟ್ಟು ಹೇಳುತ್ತಾಳೆ, ಹಾಂ, ಅಮ್ಮ ಬಂದ್ಲು ಕಣೋ. ಅಮ್ಮ ಬಂದಳೆಂದರೆ ಮುಚ್ಚಳ ಹೊಡೆಯಬಹುದು, ಕಾರ್ಖಾನೆಯ ನಿಯಮ ಅದು, ಬೇರೆ ನಿಯಮವೇ ನಮಗಿಲ್ಲ.

ಪಕ್ಕದ ಅಂಗಡಿಯ ಲೇತ್ ಯಂತ್ರ ಊಟದ ಹೊತ್ತಿಗೆ ನಿಲ್ಲುತ್ತದೆ, ಅಳೆಯಲು ಸಿಗುವ ನಿಶ್ಶಬ್ದ ಅದೊಂದೇ, ಅಕ್ಕ ಊಟಕ್ಕೆ ಮಹಡಿ ಹತ್ತಿದಳು, ನಾನು ಶಟರ್ ಎಳೆದು ತಂತ್ರಾಂಶವನ್ನು ಮೊದಲ ಸಲ ಓಡಿಸಿದೆ, ಪೆಟ್ಟಿಗೆ ಗುಂಯ್ ಅಂತ ನೆಲದಡಿಯಿಂದ ಶುರುಮಾಡಿ ಏರಿ ಏರಿ ಕೊನೆಗೆ ದಾರದಷ್ಟು ಸಣ್ಣಗಾಗಿ ಮುಗಿಯಿತು, ಬಿಸ್ಕತ್ತು ಉಸಿರು ಬಿಟ್ಟು ಗೆರೆ ಎಳೆಯತೊಡಗಿತು, ಎಡಗಡೆ ದಪ್ಪ ಸದ್ದು, ಬಲಗಡೆ ಸಣ್ಣ ಸದ್ದು, ನಡುವೆ ಸಮತಟ್ಟು, ಸರಿ, ಸರಿ, ಅಂದುಕೊಳ್ಳುತ್ತಿರುವಾಗಲೇ ಬಲಗಡೆ ಗೆರೆ ಗುಡ್ಡ ಹತ್ತಿದಂತೆ ಹತ್ತಿತು. ಸಣ್ಣ ಸದ್ದು ಬೇಕಾದ್ದಕ್ಕಿಂತ ಜೋರು, ಮ್ಯಾನೇಜರ್ ಹೇಳಿದ ಸೂಜಿ ಇದೇ. ಇಲ್ಲ, ಬಿಸ್ಕತ್ತಿನದೇ ತಪ್ಪು, ಅಗ್ಗದ ಮಾಲು — ಸದ್ದನ್ನು ತಾನೇ ಏರಿಸಿ ಇಳಿಸುವ ಚಾಳಿ ಈ ಕಾರ್ಡುಗಳಿಗಿರುತ್ತದೆ, ಹುಡುಕಿ ಅದನ್ನು ಬಂದ್ ಮಾಡಿದೆ, ಗುಡ್ಡ ಹಾಗೇ ಇದೆ, ಪ್ರತಿ ಮೈಕಿನ ಜೊತೆಗೂ ಅದರದೇ ತಪ್ಪುಗಳ ಲೆಕ್ಕ ಕೊಡುತ್ತಾರೆ, ಆ ತಪ್ಪನ್ನು ಕಳೆಯಬೇಕು, ನಾನೇ ಎಲ್ಲೋ ಕೂಡಿಸಿಬಿಟ್ಟೆನೇನೋ, ಕೂಡಿಸಿರಲಿ, ದೇವರೇ, ನನ್ನ ದಡ್ಡತನವೇ ಆಗಿರಲಿ — ನೋಡಿದೆ, ಸರಿಯಾಗಿ ಕಳೆದೇ ಇದೆ. ಆಗ ಅಟ್ಟದ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು, ಜೋಡಿ ತಪ್ಪಿ ಉಳಿದವು, ಒಂದೊಂದು ಒಂದೊಂದು ಕಾಲದ್ದು, ಎಲ್ಲಕ್ಕಿಂತ ಹಳೆಯದನ್ನು ಇಳಿಸಿ ಧೂಳು ಕೊಡವಿ ಅಳೆದೆ, ಗೆರೆ ನೂಲು ಹಿಡಿದು ಎಳೆದಂತೆ ಬಂತು, ಆಚೀಚೆ ಅಲುಗಿಲ್ಲ, ಬರೀ ಕಿವಿಯಿಂದ ಹೀಗೆ ಕೂರಿಸಿದ್ದಳೇ, ಭೇಷ್ ಅಕ್ಕ, ಅಂದರೆ ಬಿಸ್ಕತ್ತು ಸುಳ್ಳು ಹೇಳುತ್ತಿಲ್ಲ. ಅದರ ನಂತರದ್ದನ್ನು ಅಳೆದೆ, ಬಲಗಡೆ ಒಂದು ಕೂದಲೆಳೆ ಮೇಲೆ, ಅದರ ನಂತರದ್ದು ಇನ್ನಷ್ಟು, ಮೊನ್ನೆ ಮೊನ್ನೆಯದು ಮತ್ತೂ ಮೇಲೆ — ಪೆಟ್ಟಿಗೆಯೊಳಗೆ ಸಣ್ಣ ಸದ್ದು ಹೊರಡಿಸುವ ಪುಟ್ಟ ಸ್ಪೀಕರಿನ ದಾರಿಯಲ್ಲಿ ಅವಳು ಕರೆಂಟು ತಡೆಯುವ ಒಂದು ರೆಸಿಸ್ಟರ್ ಕೂರಿಸುತ್ತಾಳೆ, ದೊಡ್ಡದಾದರೆ ಸದ್ದು ಮೆತ್ತಗೆ, ಚಿಕ್ಕದಾದಷ್ಟೂ ಹರಿತ, ಅವಳು ಚಿಕ್ಕದು ತಾ, ಇನ್ನೂ ಚಿಕ್ಕದು ತಾ ಅನ್ನುತ್ತ ಬಂದದ್ದು, ಈಗಿನ ಮಾಲೇ ಮಂಕು ಕಣೋ ಅಂದದ್ದು, ಹೌದಕ್ಕ ಅಂತ ನಾನು ಸಂತೆಗೆ ಹೋದಂತೆ ಹೋಗಿ ತಂದುಕೊಟ್ಟದ್ದು. ಮಾಲು ಮಂಕಾದದ್ದಲ್ಲ, ಪರದೆಯ ಮೇಲಿರುವುದು ಪೆಟ್ಟಿಗೆಯ ಗೆರೆಯೂ ಅಲ್ಲ, ಅಕ್ಕನ ಕಿವಿ ಎಷ್ಟು ಕಳೆದುಕೊಂಡಿದೆಯೋ ಅಷ್ಟನ್ನೂ ಅವಳು ಪೆಟ್ಟಿಗೆಯಲ್ಲಿ ತುಂಬಿಸಿದ್ದಾಳೆ.

ಗೊತ್ತಾಗಬೇಕಿತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತೇ, ಈಗಿನ ಜನ ಬಾಯೊಳಗೇ ಮಾತಾಡ್ತಾರೆ ಅಂತ ಅವಳು ಬೈಯುವುದು, ಫೋನು ಪಕ್ಕದಲ್ಲೇ ಬಡಕೊಂಡರೂ ಕೂತಿರುವುದು, ಬೇಕಾದ್ದು ಮಾತ್ರ ಕೇಳಿಸತ್ತೆ ನಿಂಗೆ ಅಂತ ನಾನು ನಗುವುದು, ಆಯುಸ್ಸೆಲ್ಲ ಗರ್ಜಿಸುವ ಪೆಟ್ಟಿಗೆಯ ಮುಂದೆ ಮುಖವಿಟ್ಟು ಕೂತವಳ ಕಿವಿ ಕಲ್ಲಿನದೇನು. ಅವಳಿಗೆ ಹೇಳದೆಯೂ ಇರಬಹುದು, ಯೋಚಿಸು, ಈಗಲೇ ಮುಚ್ಚಳ ಬಿಚ್ಚಿ ದೊಡ್ಡ ರೆಸಿಸ್ಟರ್ ಕೂರಿಸಿದರೆ ಸಂಜೆ ಗೆರೆ ಸಪಾಟಾಗಿರುತ್ತದೆ, ಮ್ಯಾನೇಜರ್ ಬಾಲ ಮುದುರಿಕೊಂಡು ಒಯ್ಯುತ್ತಾನೆ, ಮುಂದಿನ ಜೋಡಿಗೂ ಹಾಗೇ, ಅವಳು ಅಮ್ಮ ಬಂದ್ಲು ಅಂದು ಮಹಡಿ ಹತ್ತಿದ ಮೇಲೆ ನಾನು ಕಳ್ಳನ ಹಾಗೆ ಮುಚ್ಚಳ ತೆಗೆದು ಅಮ್ಮನನ್ನು ಕಳಿಸಿಬಿಡುವುದು — ಎಷ್ಟು ದಿನ, ಒಂದು ಸಲ ಅವಳು ಇನ್ನೊಮ್ಮೆ ಕೇಳ್ತೀನಿ ಹಾಕು ಅಂದರೆ ಮುಗಿಯಿತು. ಹೇಳಿದರೆ ಅವಳು ಅಳುವವಳಲ್ಲ, ಬೆಸುಗೆ ಕಡ್ಡಿಯ ವೈರು ಸುತ್ತಿ ಡಬ್ಬಕ್ಕೆ ಹಾಕಿ ಇನ್ನು ನೀನೇ ನೋಡ್ಕೋ ಅಂತಾಳೆ, ಅಮ್ಮನ ಟೇಪನ್ನು ಮತ್ತೆ ಮುಟ್ಟುವುದಿಲ್ಲ, ಮುಟ್ಟಿದರೂ ಸರಿಯಾದ ಪೆಟ್ಟಿಗೆಯಲ್ಲಿ ಅಮ್ಮ ಅವಳಿಗೆ ಇನ್ನು ಬರುವುದಿಲ್ಲ, ಕಂಬಳಿಯೊಳಗಿಂದ ಗೊಣಗುವ ಯಾರೋ ಹೆಂಗಸು ಬರುತ್ತಾಳೆ. ನನಗೆ ಭಯವಾಗುತ್ತಿದೆ, ಗಂಡಸು ಅಂತ ಮೀಸೆ ಹೊತ್ತ ನನಗೆ, ಮಹಡಿಯ ಮೆಟ್ಟಿಲ ಸದ್ದಿಗೆ.

ಇಳಿದೇ ಬಂದಳು, ಕೈ ಒರೆಸಿಕೊಳ್ಳುತ್ತ, ಏನನ್ನತ್ತೋ ನಿನ್ನ ಬಿಸ್ಕತ್ತು, ಗೋಡೇದೇ ತಪ್ಪು ತಾನೆ — ಪರದೆಯನ್ನು ಮೈಯಿಂದ ಮರೆಮಾಡಿ ನಿಂತೆ, ಇನ್ನೂ ಆಗಿಲ್ಲ ಅಕ್ಕ, ಲೇತ್ ಶುರುವಾಗತ್ತೆ, ನೀನು ಹೋಗು, ಮಲ್ಕೋ ಸ್ವಲ್ಪ — ಮಲಗೋದೇನು, ನಾನೂ ಕೇಳ್ತೀನಿ, ಹಾಕು, ಅಂತ ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಎದುರೇ ಕೂತಳು, ಸರಿ ಅನ್ನದೆ ಏನು ಅನ್ನಲಿ, ಗುಂಡಿ ಒತ್ತಿದೆ. ಗುಂಯ್ ಅಂದಿತು ನೆಲದಡಿಯಿಂದ, ಅವಳು ಬಲಗೈಯ ತೋರುಬೆರಳು ಎತ್ತಿದಳು, ಸದ್ದು ಏರಿದಂತೆ ಬೆರಳೂ ಏರುತ್ತದೆ, ಮೊಣಕಾಲ ಹತ್ತಿರ, ಎದೆಯ ಹತ್ತಿರ, ಗಲ್ಲದ ಹತ್ತಿರ, ಮುಖದಲ್ಲಿ ಎಂಥ ಹೆಮ್ಮೆ, ಸದ್ದು ಸೀಟಿಯಾಗುತ್ತಿದೆ, ಅಲ್ಲಿಗೆ ಬೆರಳು ನಿಂತಿತು, ಅನುಮಾನಿಸಿತು, ಮೆಲ್ಲಗೆ ಇಳಿದು ತೊಡೆಯ ಮೇಲೆ ಮಲಗಿತು, ಚೆನ್ನಾಗೇ ಇದೆಯಲ್ಲೋ, ಮುಗೀತಲ್ಲ, ಅಂದಳು — ಸದ್ದು ಇನ್ನೂ ಏರುತ್ತಿದೆ, ಗುಡ್ಡದ ಮೇಲೆ ಹತ್ತುತ್ತಿದೆ, ನನ್ನ ಹಲ್ಲು ಜುಮ್ಮೆನ್ನುತ್ತಿದೆ, ಕಣ್ಣು ತಾನಾಗಿ ಕಿರಿದಾಯಿತು, ಕುತ್ತಿಗೆ ಒಳಗೆ ಎಳೆದುಕೊಂಡಿತು. ಯಾಕೋ ಮುಖ ಹಿಂಡ್ತೀಯ ಅಂದಳು. ಅವಳು ನನ್ನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಮತ್ತೆ ನನ್ನನ್ನು. ಇನ್ನೊಂದ್ಸಲ ಹಾಕು. ಬೇಡ ಅಕ್ಕ. ಹಾಕು ಅಂದ್ನಲ್ಲ. ಹಾಕಿದೆ, ಈ ಸಲ ಪೆಟ್ಟಿಗೆಯ ಕಡೆ ಅವಳು ತಿರುಗಲೇ ಇಲ್ಲ, ಕಣ್ಣು ನನ್ನ ಮುಖದ ಮೇಲೆ ನೆಟ್ಟಿದೆ, ಬೆರಳು ಏರಿತು, ಎದೆ, ಗಲ್ಲ, ಅಲ್ಲೇ ನಿಂತಿತು, ಇಳಿಯಿತು, ಕಲ್ಲಾಗಬೇಕು ನನ್ನ ಮುಖ, ಒಂದು ರೆಪ್ಪೆ ಅಲುಗಬಾರದು, ಸದ್ದು ಸೂಜಿಯಾಗಿ ಒಳಗೆ ಹೋಗುತ್ತಿದೆ, ಅವಳು ನೋಡುತ್ತಲೇ ಇದ್ದಾಳೆ, ರೆಪ್ಪೆ ಅಲುಗಿತು, ತನಗೆ ಕೇಳಿಸದ್ದು ನನಗೆ ಕೇಳಿಸುತ್ತಿದೆ ಅಂತ ಅವಳಿಗೆ ಗೊತ್ತಾಗಿಹೋಯಿತು. ಮತ್ತೆ ಹಾಕು, ಅಂದಳು, ದನಿಯಲ್ಲಿ ಏನೂ ಇಲ್ಲ. ಲೇತ್ ಶುರುವಾಗಲಿ, ಕರೆಂಟು ಹೋಗಲಿ, ಏನಾದರೂ ಆಗಲಿ — ಏನೂ ಆಗುವುದಿಲ್ಲ, ಒತ್ತಿದೆ, ಬೆರಳು ಏರಿತು, ಗಲ್ಲದ ಹತ್ತಿರ ನಿಂತಿತು, ಬೆರಳು ಇಳಿಯಿತು, ಕಣ್ಣು ನನ್ನ ಮುಖದ ಮೇಲೆ, ಮತ್ತೆ ಹಾಕು, ಬೆರಳು ಏರಿತು, ನಿಂತಿತು, ಕಣ್ಣು ನನ್ನ ಮುಖದ ಮೇಲೆ, ಬೆರಳು ಇಳಿಯಿತು, ಸದ್ದು ಮುಗಿದಿಲ್ಲ, ಬೆರಳು —