ಅಂಗನವಾಡಿ ಬಾಗಿಲಿನ ಬೇವಿನಸೊಪ್ಪು

"ಯಾವ ಮುಂಡೆ ಕಣ್ರೇ ಇದನ್ನ ಕಟ್ಟಿದ್ದು? ನನ್ ಬಾಗ್ಲಿಗೆ ಸೊಪ್ಪು ಕಟ್ಟಾಕೆ ಇದೇನ್ ನಿಮ್ಮಪ್ಪಂದಾ ಜಾಗ?"

ಸಾಹುಕಾರ ರೇಣುಕಪ್ರಸಾದ ಅಂಗನವಾಡಿಯ ಬಾಗಿಲಿಗೆ ಕಟ್ಟಿದ್ದ ಬೇವಿನ ಕೊಂಬೆಯನ್ನು ಕಿತ್ತು ನಮ್ಮ ಮುಂದೆ ಎಸೆದ. ನಾವು ಹಟ್ಟಿಯ ಹೆಂಗಸರು ಎದುರಿನ ಕಣದಲ್ಲೇ ಕೂತು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದೆವು. ಕಣವೂ ಅವನದು, ಹಣ್ಣೂ ಅವನದು. ಸರ್ಕಾರದ ಕಟ್ಟಡ ಹೋದ ಮಳೆಗಾಲದಲ್ಲಿ ಕುಸಿದ ಮೇಲೆ ಅಂಗನವಾಡಿ ನಡೆಯುವ ಕೋಣೆಯೂ ಅವನದೇ. ನಮ್ಮದು ಅಂತ ಇದ್ದದ್ದು ಒಳಗಿದ್ದ ಮಕ್ಕಳು ಮಾತ್ರ.

"ನಾನೇ ಈಗ ಕಟ್ಟಿದ್ದು ಸಾರ್" ಎಂದಳು ಟೀಚರ್ ಭುವನಾ, ಹೊಸಿಲ ಮೇಲೆ ನಿಂತು. "ಇಬ್ಬರು ಮಕ್ಕಳಿಗೆ ಅಮ್ಮ ಆಗಿದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟೋ ತನಕ ಮನೇಲೇ ಇಟ್ಕೊಳ್ಳಿ ಅಂತ ಆಸ್ಪತ್ರೇಲಿ ಹೇಳಿದ್ದಾರೆ. ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಸಾರ್."

ನಮ್ಮ ಕಡೆ ಸೀತಾಳೆ ಸಿಡುಬನ್ನು ಯಾರೂ ರೋಗ ಅನ್ನುವುದಿಲ್ಲ. ಬೇಸಿಗೆಗೆ ಅಮ್ಮ ಬರುತ್ತಾಳೆ. ಬಂದ ಮನೆಯ ಬಾಗಿಲಿಗೆ ಬೇವು ಕಟ್ಟಿದರೆ ಮುಗಿಯಿತು, ವಾಸಿಯಾಗಿ ತಲೆಗೆ ನೀರು ಹಾಕುವ ತನಕ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಟೀಚರ್ ಬಾಯಿ ನೋಯುವಷ್ಟು ಹೇಳಿದರೂ ಕೇಳದ ತಾಯಂದಿರು ನಾಳೆ ಆ ಸೊಪ್ಪು ಕಂಡರೆ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾರೆ. ಇದು ಸಾಹುಕಾರನಿಗೂ ಗೊತ್ತಿತ್ತು. ಮಕ್ಕಳು ಮನೆಯಲ್ಲಿ ಉಳಿದರೆ ತಾಯಂದಿರೂ ಉಳಿಯುತ್ತಾರೆ. ಆಗ ಅವನ ಹಣ್ಣು ಬಡಿಯುವವರು ಯಾರು?

"ಹರಡ್ತದಂತೆ! ಹುಟ್ಟಿದ್ ಮಕ್ಳಿಗೆಲ್ಲಾ ಬತ್ತದೆ, ಓಯ್ತದೆ. ನಾಳೀಕೆ ಹಣ್ಣು ತುಂಬಾಕೆ ಹಿಂದೂಪುರದ ಲಾರಿ ಬತ್ತದೆ. ಡ್ರೈವರ್‌ಗೆ ನಿಮ್ಮಮ್ಮನ್ ಕತೆ ಹೇಳ್ಕೊಂಡ್ ಕುಂತ್ಕೊಳ್ಳಾ?"

ನಾನು ಎದ್ದು ನಿಂತೆ. ನನ್ನ ಮಗಳು ತುಳಸಿಗೆ ಅವತ್ತು ಬೆಳಿಗ್ಗೆ ಬೆನ್ನ ತುಂಬ ಗುಳ್ಳೆ ಎದ್ದಿತ್ತು. ರಜೆ ಕೇಳೋಣ ಅಂತ ಅವಳನ್ನು ಎತ್ತಿಕೊಂಡು ಬಂದು, ಬೇರೆ ಮಕ್ಕಳಿಂದ ದೂರ ಹೊಂಗೆಮರದ ಕೆಳಗೆ ಮಲಗಿಸಿದ್ದೆ.

"ಸಾವ್ಕಾರ್ರೆ, ನನ್ ಮಗೀಗೂ ಎದ್ದೈತೆ. ನೀರು ಹಾಕಗಂಟ ಮನೇಲಿ ಇರ್ತೀನಿ. ನನ್ ಕೆಲ್ಸ ಮಾತ್ರ ಬ್ಯಾರೆಯವ್ರಿಗೆ ಕೊಟ್ಬುಡಬ್ಯಾಡಿ."

"ಇರು ಕಣೇ ದುರ್ಗಿ, ಇರು. ಆಮ್ಯಾಕೆ ಈ ಕಣದ ಕಡೆ ತಲೆ ಹಾಕೂ ಮಲಗಬ್ಯಾಡ." ಅವನು ತುಳಸಿಯ ಕಡೆ ನೋಡಿದ. "ಮೈಗೆ ಪೌಡ್ರು ಬಳ್ದು, ತುಂಬುತೋಳಿನ ಅಂಗಿ ಹಾಕಿ ಆ ರೂಮಿಗೆ ಬುಡು. ಯಾವನ್ ನೋಡ್ತಾನೆ? ನಿಮ್ಮ ಹಟ್ಟಿ ಮಕ್ಳು ಹಂದಿಮರಿ ಇದ್ದಂಗೆ, ಏನೂ ಆಗಾಕಿಲ್ಲ." ಕಣದಲ್ಲೇ ಉಗಿದು ಊಟಕ್ಕೆ ಹೋದ.

ಪಕ್ಕದಲ್ಲಿದ್ದ ಹಮೀದುನ್ನೀಸಾ ನನ್ನ ಸೆರಗು ಹಿಡಿದಳು. ಅವಳ ಕೂಸು ಐಮನ್ ಎದೆಯಲ್ಲಿ ಕಫ ಕಟ್ಟಿ, ಮೊನ್ನೆಯಷ್ಟೇ ಮಧುಗಿರಿ ಆಸ್ಪತ್ರೆಯಿಂದ ಬಂದಿತ್ತು. ಈಗ ಆ ಕೋಣೆಯಲ್ಲೇ ಮಲಗಿತ್ತು.

"ದುರ್ಗಕ್ಕಾ, ನಿನ್ ಕಾಲಿಗ್ ಬೀಳ್ತೀನಿ, ಅಲ್ಲಿ ಬುಡಬ್ಯಾಡ. ಇನ್ನೊಂದ್ ಸಲಿ ಜ್ವರ ಬಂದ್ರೆ ನಮ್ ಐಮನ್ ಉಳಿಯಾಕಿಲ್ಲ."

ತುಳಸಿಯನ್ನು ಒಳಗೆ ಬಿಟ್ಟರೆ ಅವಳ ಕೂಸು ಹೋಗುತ್ತದೆ, ಬಿಡದಿದ್ದರೆ ನನ್ನ ಕೂಲಿ ಹೋಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಾಹುಕಾರನ ಹೆಂಡತಿ ನಾಗರತ್ನಮ್ಮನೂ ಮಕ್ಕಳನ್ನು ಹೆತ್ತವಳಲ್ಲವೇ, ಅವಳಾದರೂ ಗಂಡನಿಗೆ ಒಂದು ಮಾತು ಹೇಳಲಿ ಅಂತ ತುಳಸಿಯನ್ನು ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ಹೋದೆ.

ಗೇಟಿನ ಉದ್ದಕ್ಕೂ ಬೇವಿನಸೊಪ್ಪಿನ ತೋರಣ. ಹಸಿಹಸಿಯಾಗಿತ್ತು.

"ಅಲ್ಲೇ ನಿಲ್ಲೇ!" ನಾಗರತ್ನಮ್ಮ ಜಗಲಿಯಿಂದಲೇ ಕಿರುಚಿದಳು. "ಒಳಗೆ ಅಮ್ಮ ಅವ್ಳೆ. ಮೈಲಿಗೆಯವರು ಇತ್ಲಾಗ್ ಬರಂಗಿಲ್ಲ. ಮೊಮ್ಮಗೀಗೆ ಮೂರು ಗುಳ್ಳೆ ಎದ್ದು, ತುಮಕೂರಿನ ಡಾಕ್ಟ್ರು ಬ್ಯಾರೆ ರೂಮಲ್ಲಿ ಮಲಗ್ಸಿ ಅಂದವ್ರೆ. ನರ್ಸರಿಗೂ ಕಳುಸ್ತಿಲ್ಲ ಕಣಮ್ಮ. ಪಾಪ, ಬ್ಯಾರೆ ಮಕ್ಳಿಗೆ ಅಂಟ್ಕೊಂಡ್ರೆ?"

ಕೇಳಬೇಕೆಂದು ಬಂದದ್ದನ್ನು ಕೇಳದೆ ಗೇಟಿನಿಂದಲೇ ತಿರುಗಿದೆ. ಈ ಮನೆಯಿಂದಲೇ ಎದ್ದು ಬಂದು ನಮ್ಮ ಬಾಗಿಲಿನ ಸೊಪ್ಪು ಕಿತ್ತಿದ್ದ, ಹಡಬೆ ನನ್ಮಗ.

ಕಣಕ್ಕೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬಡಿಯುತ್ತಿದ್ದ ಕೊಡತಿಗಳೆಲ್ಲ ನಿಂತವು. ಮೊದಲು ಎದ್ದವಳು ಹಮೀದುನ್ನೀಸಾ. ಕೊಡತಿ ಬಿಸಾಕಿ ಕೋಣೆಗೆ ಹೋಗಿ ಐಮನ್‌ಳನ್ನು ಎತ್ತಿಕೊಂಡು ಬಂದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಭುವನಾ ಟೀಚರ್ ಅವರವರ ಮಕ್ಕಳನ್ನು ಅವರವರ ಕೈಗೆ ಕೊಟ್ಟಳು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಮೋಡ ಕವಿದು, ದಪ್ಪ ದಪ್ಪ ಹನಿ ಬಿದ್ದವು. ಬೀಜ ಬಿಡಿಸಿದ ಹಣ್ಣು ಕಣದ ತುಂಬ ಬಾಯಿ ತೆರೆದು ಬಿದ್ದಿತ್ತು. ಸಾಹುಕಾರ ಎಂಜಲು ಕೈಯಲ್ಲೇ ಓಡಿ ಬಂದ.

"ಟಾರ್ಪಾಲ್ ಎಳೀರೇ ಬೋಳಿಮುಂಡೇರಾ! ಹಣ್ಣು ನೆನೀತೈತೆ!"

ಯಾರೂ ಮಿಸುಕಲಿಲ್ಲ. ನಮ್ಮ ಬೊಗಸೆಗೆ ಕುಡಿಯುವ ನೀರನ್ನೂ ಎತ್ತರದಿಂದ ಹುಯ್ಯುವ ಮನುಷ್ಯ, ಬಂದು ನನ್ನ ರಟ್ಟೆಗೇ ಕೈ ಹಾಕಿದ.

"ಕೈ ತೆಗೀರಿ" ಅಂದೆ. "ನನ್ ಹೆಗಲ ಮ್ಯಾಲೆ ಅಮ್ಮ ಅವ್ಳೆ. ಮೈಲಿಗೆಯವರು ಮುಟ್ಟಂಗಿಲ್ಲ. ದೂರ ನಿಲ್ರಿ."

ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಆಮೇಲೆ ಬಾಯಿ ಬಂತು.

"ನಾಳೀಕೆ ಈ ಕಡೆ ಬಾ, ಸೂಳೆ. ನಿನ್ ಹಟ್ಟಿಯೋರು ಒಬ್ರೂ ಎಲ್ಲೂ ಕೂಲಿ ಮಾಡ್ದಂಗೆ ಮಾಡಿಲ್ಲ ಅಂದ್ರೆ ಕೇಳು!"

ಮಾಡುತ್ತಾನೆ ಅಂತ ನಮಗೂ ಗೊತ್ತಿತ್ತು. ನಾವು ರಸ್ತೆಗೆ ಇಳಿದೆವು. ಹಿಂದೆ ಅವನು ಒಬ್ಬನೇ ಟಾರ್ಪಾಲು ಎಳೆಯುತ್ತಿದ್ದ. ಒಂದು ಅಂಚು ಹಿಡಿದರೆ ಇನ್ನೊಂದು ಹಾರುತ್ತಿತ್ತು.

ಮಳೆ ಜೋರಾಯಿತು. ತುಳಸಿ ಬೆನ್ನು ಕೆರೆಯಲು ಒದ್ದಾಡುತ್ತಿದ್ದಳು, ಅವಳ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡೆ. ಹಮೀದುನ್ನೀಸಾ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನಿಂದ ದೂರ, ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ನಡುನಡುವೆ ನನ್ನ ಕಡೆ ನೋಡುವಳು, ಹತ್ತಿರ ಬರಲೋ ಬೇಡವೋ ಅನ್ನುವ ಹಾಗೆ.

"ಬರಬ್ಯಾಡ" ಎಂದು ಕೂಗಿದೆ. "ಅಂಗೇ ಹೋಗು, ಆ ಕಡೇಲೇ ಹೋಗು."