ಅರ್ಜಿಯ ಮೊದಲ ಸಾಲು

"ಇಪ್ಪತ್ತು ಸಾವಿರಕ್ಕೆ ಹದಿನೇಳು ಸಾವಿರದ ನಾನೂರು ಅಂಕ ಇಟ್ಕೊಂಡು ಕೆಸರಲ್ಲಿ ಹಕ್ಕಿ ಹಿಂದೆ ಓಡ್ತೀನಿ ಅಂತೀಯಾ? ಕೇಳಿದವರು ನಗ್ತಾರೆ ಕಣೇ!" ಥೆಕ್ಲಾ ಟೀಚರು ತಣ್ಣನೆ ಕಾಫಿಯ ಲೋಟಕ್ಕೆ ಚಮಚದಿಂದ ಟಣ್ಣನೆ ಬಡಿದರು.

ಮಿರ್ಸೀನಿ ತಲೆ ಎತ್ತಲಿಲ್ಲ. ಜುಲೈ ತಿಂಗಳ ಉರಿಯುವ ಮಧ್ಯಾಹ್ನ, ನಾಲ್ಕು ಗಂಟೆ ದಾಟಿತ್ತು. ಬಿಸಿಲಿಗೆ ಹೆದರಿ ಅಡುಗೆಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಅರ್ಜಿ. ಸಂಜೆ ಆರರೊಳಗೆ ಅದನ್ನು ಕಳಿಸಬೇಕು. ಬೇಕಾದ ವಿಭಾಗಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋಗುವುದಷ್ಟೇ ಕೆಲಸ. ಆದರೆ ಯಂತ್ರ ಮೇಲಿನಿಂದ ನೋಡುತ್ತ ಬರುತ್ತದೆ. ಮೊದಲ ಸಾಲಿಗೆ ಅಂಕ ಸಾಲುವಂತಿದ್ದರೆ ಅಲ್ಲೇ ಮುಗಿಯಿತು, ಕೆಳಗಿನವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಟೀಚರು ಹೇಳಿದ್ದಕ್ಕೆ ಮಿರ್ಸೀನಿ ಮೊದಲ ಸಾಲಿನಲ್ಲಿ ಅಥೆನ್ಸ್‌ನ ಸಿವಿಲ್ ಎಂಜಿನಿಯರಿಂಗ್ ಬರೆದಿದ್ದಳು. ಅವಳಿಗೆ ಬೇಕಿದ್ದದ್ದು ಎಂಟನೇ ಸಾಲಿನಲ್ಲಿತ್ತು, ಪಕ್ಕದ ದ್ವೀಪದಲ್ಲಿರುವ ಮಿತಿಲೀನಿಯ ಪರಿಸರ ವಿಜ್ಞಾನ.

ನಮ್ಮ ಲೆಮ್ನೋಸ್ ದ್ವೀಪದವರಿಗೆ ಇದೊಂದು ಹುಚ್ಚು. ಬರೀ ನಮಗೇನು, ಇಡೀ ಗ್ರೀಸಿಗೇ ಇದೆ ಬಿಡಿ. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೋ ಅಷ್ಟೂ ಅಂಕ ಬೇಡುವ ವಿಭಾಗಕ್ಕೇ ಸೇರಬೇಕು, ಕಡಿಮೆಯದಕ್ಕೆ ಸೇರಿದರೆ ಮಿಕ್ಕ ಅಂಕ ಪೋಲು. ಮಗುವಿಗೆ ಏನಿಷ್ಟ ಎಂದು ಕೇಳುವ ಮೊದಲು ಅಂಕದ ಪಟ್ಟಿ ತೆರೆಯುವ ಜನ ನಾವು. ಮಿರ್ಸೀನಿಯ ಪರಿಸರ ವಿಜ್ಞಾನಕ್ಕೋ, ಅವಳ ಅಂಕದಲ್ಲಿ ಅರ್ಧ ತೆಗೆದವರಿಗೂ ಸೀಟು ಸಿಗುತ್ತಿತ್ತು. ಸುದ್ದಿ ತಿಳಿದರೆ ಬೇಕರಿಯವಳಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ ಲೊಚಗುಟ್ಟುವವರೇ.

ಊರು ಏನಾದರೂ ಅನ್ನಲಿ, ಅದನ್ನು ಅವಳು ಸಹಿಸುತ್ತಿದ್ದಳು. ಅವಳ ಬಾಯಿ ಕಟ್ಟಿದ್ದು ಎದುರಿಗೆ ಕೂತಿದ್ದ ಈ ಹೆಂಗಸು. ದೀಕ್ಷಾಸ್ನಾನದ ದಿನ ಅವಳನ್ನು ತೋಳಲ್ಲಿ ಹಿಡಿದು ಹೆಸರಿಟ್ಟ ನೊನಾ, ಅಂದರೆ ಧರ್ಮತಾಯಿ, ಇವರೇ. ಅಂದಿನಿಂದ ಪ್ರತಿ ಈಸ್ಟರಿಗೆ ಮೇಣದಬತ್ತಿ, ಹೊಸ ಶೂ ತಪ್ಪಿಸಿದವರಲ್ಲ. ಕಳೆದ ಮೂರು ವರ್ಷ ವಾರಕ್ಕೆ ನಾಲ್ಕು ದಿನ ತಮ್ಮ ಮನೆಯ ಮೇಜಿಗೇ ಕೂರಿಸಿ ಗಣಿತ ಹೇಳಿಕೊಟ್ಟರು. ಜ್ವರ ಬಂದಾಗಲೂ ಶಾಲು ಹೊದ್ದು ಹೇಳಿಕೊಟ್ಟರು. ಬಸ್ ಓಡಿಸುವ ಅಪ್ಪ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅಮ್ಮ, ಇಂಥ ಮನೆಯ ಹುಡುಗಿಗೆ ಅಷ್ಟು ಅಂಕ ಸುಮ್ಮನೆ ಬರುತ್ತದೆಯೇ? ಅಷ್ಟು ಋಣ ಹೊತ್ತ ಮಿರ್ಸೀನಿಯ ಬಾಯಿಂದ 'ಬೇಡ' ಎನ್ನುವ ಮಾತು ಹೊರಡುವುದಾದರೂ ಹೇಗೆ?

"ನೊನಾ ಹೇಳಿದ್ಮೇಲೆ ಮುಗೀತಮ್ಮ," ಎಂದರು ಅಪ್ಪ ಅರ್ಗೀರಿಸ್, ಟೊಮೆಟೊ ಹೆಚ್ಚುತ್ತ. ಮಗಳ ಮುಖ ನೋಡುವ ಧೈರ್ಯ ಅವರಿಗೂ ಇರಲಿಲ್ಲ.

"ಶಾಲೇಲಿ ಒಂದು ಜಾಲತಾಣ ತೋರಿಸಿದ್ರು ನೊನಾ," ಮಿರ್ಸೀನಿ ಮೆಲ್ಲಗೆ ಅಂದಳು. "ಅರವತ್ತು ಪ್ರಶ್ನೆ ಕೇಳುತ್ತೆ. ಆಮೇಲೆ ನಮಗೆ ಯಾವ ವಿಭಾಗ ಹೊಂದುತ್ತೆ ಅಂತ ಹೇಳುತ್ತೆ. ನನಗೆ ಮೊದಲು ಬಂದಿದ್ದು ಮಿತಿಲೀನಿದೇ."

"ಓಹೋ! ಕಾಫಿ ಬಟ್ಟಲು ಬೋರಲು ಹಾಕಿ ಭವಿಷ್ಯ ಹೇಳ್ತಾಳಲ್ಲ ನಮ್ಮ ಕತೀನಾ ಅಜ್ಜಿ, ಅವಳ ತಮ್ಮನೇನು ಅದು?" ಟೀಚರು ಕನ್ನಡಕ ಏರಿಸಿದರು. "ನಿನ್ನನ್ನ ಹಸುಗೂಸಿಂದ ನೋಡಿದೀನಿ. ನನಗಿಂತ ಹೆಚ್ಚು ಅದಕ್ಕೆ ಗೊತ್ತಾ? ತೆಗಿ, ನಿನ್ನ ಪರವಾಗಿ ನಾನೇ ಉತ್ತರ ಹಾಕ್ತೀನಿ. ನೀನು ಉಸಿರೆತ್ತಬಾರದು. ಎಂಜಿನಿಯರಿಂಗ್ ಬರದಿದ್ರೆ ಕೇಳು!"

ಲ್ಯಾಪ್‌ಟಾಪ್ ತಮ್ಮತ್ತ ಎಳೆದುಕೊಂಡು ಪ್ರಶ್ನೆಪತ್ರಿಕೆ ಓದುವ ದನಿಯಲ್ಲಿ ಶುರುಮಾಡಿದರು. "ಲೆಕ್ಕದಲ್ಲಿ ಆಸಕ್ತಿ ಇದೆಯೇ? ಇದೆ! ಯಾಕಿರಲ್ಲ?" ಟಕ್ ಎಂದು ಒತ್ತಿದರು. ಹತ್ತು ಪ್ರಶ್ನೆ ಹಾಗೇ ಜೋರಾಗಿ ಸಾಗಿತು. "ದಿನವಿಡೀ ಒಂದೇ ಕಡೆ ಕೂತು ನಕ್ಷೆ ಬರೆಯುವುದು ಇಷ್ಟವೇ?" ಎಂದು ಓದಿದವರು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದರು. ಈ ಹುಡುಗಿಯ ರೇಖಾಗಣಿತದ ಪುಸ್ತಕದ ಅಂಚಿನ ತುಂಬ ರಾಜಹಂಸಗಳಿದ್ದವು. ವೃತ್ತ ಎಳೆಯಲು ಹೇಳಿದರೆ ಅದಕ್ಕೂ ಕೊಕ್ಕು ಬರೆದವಳು ಇವಳು. ಗೊಣಗುತ್ತ 'ಇಲ್ಲ' ಒತ್ತಿದರು.

"ಕೆಸರು, ಕೊಳೆ, ದುರ್ವಾಸನೆ ಸಹಿಸಬಲ್ಲಿರಾ?" ಈ ಸಲ ಅವರಿಗೆ ನಗು ತಡೆಯಲಾಗಲಿಲ್ಲ. "ಅರ್ಗೀರಿಸ್, ನೆನಪಿದೆಯೇನೋ? ಭಾನುವಾರ ಈಸ್ಟರಿಗೆ ನಾನು ಕೊಟ್ಟ ಬಿಳಿ ಶೂ, ಸೋಮವಾರ ಉಪ್ಪಿನ ಕೆರೆ ಪಾಲು!"

"ನಾನು ಬಸ್ಸು ತಿರುಗಿಸೋದೇ ಆ ಕೆರೆ ಹತ್ರ ಅಲ್ವಾ ಅಕ್ಕಾ," ಅಪ್ಪನೂ ನಕ್ಕರು. "ಬಸ್ಸಲ್ಲೇ ಕೂತ್ಕೋ ಅಂದ್ರೆ ಎಲ್ಲಿ ಕೇಳ್ತಾಳೆ? ಪ್ರಯಾಣಿಕರೆಲ್ಲ ಹತ್ತಿ ಆಗಿರೋದು, ಇವಳು ಮಂಡಿವರೆಗೆ ಕೆಸರಲ್ಲಿ ಹಕ್ಕಿ ನೋಡ್ತಾ ನಿಂತಿರೋಳು."

"ಒಂದಲ್ಲ, ಎಂಟು ಜೊತೆ ಹಾಳು ಮಾಡಿದ್ಲು, ಮಾರಾಯ."

'ಹೌದು' ಒತ್ತಿದರು. ಆಮೇಲೆ ಅವರ ದನಿ ತಗ್ಗುತ್ತ ಹೋಯಿತು. ಪ್ರಶ್ನೆಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ಒಂದೊಂದಕ್ಕೂ ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡುವರು, ನಿಟ್ಟುಸಿರು ಬಿಡುವರು, ಒತ್ತುವರು. ಸುಳ್ಳು ಹಾಕಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ಅದು.

ಅರವತ್ತನೆಯದು ಮುಗಿಯಿತು. ಪಟ್ಟಿ ಬಂತು. ಮೊದಲ ಹೆಸರು ಮಿತಿಲೀನಿ, ಪರಿಸರ ವಿಜ್ಞಾನ. ಸಿವಿಲ್ ಎಂಜಿನಿಯರಿಂಗ್ ಹನ್ನೊಂದನೆಯದು.

ಅರ್ಗೀರಿಸ್ ಚಾಕು ಕೆಳಗಿಟ್ಟರು.

"ಮತ್ತೊಂದ್ಸಲ ಹಾಕಿ ನೋಡೋಣ್ವಾ ಅಕ್ಕಾ?" ಅಪ್ಪ ಸಂಕೋಚದಿಂದ ಕೇಳಿದರು.

"ಬಾಯ್ಮುಚ್ಚೋ. ಒಂದ್ಸಲ ಬರೆದ ಪರೀಕ್ಷೇನ ಇನ್ನೊಂದ್ಸಲ ಬರೀತಾರಾ?" ಟೀಚರು ಕನ್ನಡಕ ತೆಗೆದು ಹೆಗಲ ಮೇಲಿದ್ದ ಟವಲಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. "ನಮ್ಮಪ್ಪ ನನ್ನನ್ನ ಅಥೆನ್ಸಿಗೆ ಕಳಿಸಲಿಲ್ಲ ಕಣೇ. ಹೆಣ್ಣಿಗೆ ಟೀಚರ್ ಕೆಲಸ ಸಾಕು ಅಂದ. ಎಂಜಿನಿಯರ್ ಆಗ್ಬೇಕು ಅಂತಿದ್ದವಳು ನಾನು. ನೀನಲ್ಲ."

"ನೊನಾ, ನೀವು ಅಷ್ಟು ಕಷ್ಟಪಟ್ಟು ಕಲಿಸಿದ್ದೆಲ್ಲ ಪೋಲಾಗುತ್ತೆ ಅಂತ..." ಮಿರ್ಸೀನಿ ಮಾತು ಮುಗಿಸಲಾರದೆ ಅತ್ತುಬಿಟ್ಟಳು.

"ಕಲಿತಿದ್ದು ಪೋಲಾಗುತ್ತೇನೇ, ಮಂಕೇ? ಹಕ್ಕಿ ಎಣಿಸೋಕೆ ಗಣಿತ ಬೇಡ್ವಾ? ಅಳೋದು ಸಾಕು. ಐದೂವರೆ ಆಗ್ತಾ ಬಂತು, ಸಾಲು ಮೇಲಕ್ಕೆ ತರೋದು ಹೇಗೆ ತೋರಿಸು."

ಮಿರ್ಸೀನಿ ತೋರಿಸಿದಳು. ಎಂಟನೇ ಸಾಲನ್ನು ಮೊದಲಿಗೆ ತಂದದ್ದು ಮಾತ್ರ ಟೀಚರೇ. ಹುಡುಗಿ ಆ ಬೆರಳುಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ದೃಷ್ಟಿ ತಾಗದಿರಲೆಂದು ಟೀಚರು ಅವಳ ತಲೆಯ ಮೇಲೆ ಮೂರು ಸಲ ತೂ ತೂ ಎಂದರು.

ಸೀಟು ಸಿಕ್ಕಿತು, ಸಿಗದೆ ಏನು. ಬೇಕರಿಯವಳು ಲೊಚಗುಟ್ಟಿದಳು. "ಅಷ್ಟೊಂದು ಅಂಕ ಸಮುದ್ರಕ್ಕೆ ಸುರಿದ್ರಲ್ಲ ಟೀಚರೇ!" ಎಂದಳು. "ಅವಳ ಅಂಕ, ಅವಳ ಸಮುದ್ರ. ನೀನು ಬ್ರೆಡ್ಡು ಕೊಡು," ಎಂದು ಥೆಕ್ಲಾ ಟೀಚರು ಕೈ ಚಾಚಿದರು.

ಸೆಪ್ಟೆಂಬರಿನಲ್ಲಿ ಮಿತಿಲೀನಿಯ ಹಡಗು ಹತ್ತಿಸಲು ಎಲ್ಲರೂ ಬಂದರು. ಅಪ್ಪ ಮೂಟೆಗಳನ್ನು ಹೊತ್ತು ಒಳಗಿಟ್ಟು ಬಂದರು, ಅಮ್ಮ ಚೀಸಿನ ಡಬ್ಬಿ ಕೊಟ್ಟು ಅತ್ತಳು. ಟೀಚರು ಕೊನೆಗೆ ಕಂಕುಳಲ್ಲಿದ್ದ ಶೂ ಡಬ್ಬಿ ಮುಂದೆ ಚಾಚಿದರು.

"ಈಸ್ಟರ್ ಇನ್ನೂ ದೂರ ಇದೆಯಲ್ಲ ನೊನಾ?"

"ಹಬ್ಬಕ್ಕೆ ಅಲ್ಲ. ತೆಗಿ."

ಡಬ್ಬಿಯಲ್ಲಿ ಹಳದಿ ರಬ್ಬರಿನ ಬೂಟುಗಳಿದ್ದವು, ಮಂಡಿವರೆಗೆ ಬರುವಂಥವು. ಮಿರ್ಸೀನಿ ಅಲ್ಲೇ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿ ಅವನ್ನು ತೊಟ್ಟಳು. ಆ ಸುಡುಬಿಸಿಲಲ್ಲಿ ದಪದಪನೆ ಹೆಜ್ಜೆ ಹಾಕುತ್ತ ಹಡಗು ಹತ್ತಿದ್ದನ್ನು ಕಂಡು ನಾವಿಕರು ನಕ್ಕರು.

ಹಡಗು ಕಟ್ಟೆ ಬಿಟ್ಟಿತು. ಟೀಚರು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು, "ಬಿಗಿ ಆಗ್ತಿದೆಯೇನೇ?"

"ಸರಿಯಾಗಿದೆ ನೊನಾ!"

ಹಡಗು ಬಂದರಿನ ಗೋಡೆ ದಾಟುವವರೆಗೂ ಕಂಬಿಗಳ ನಡುವೆ ಆ ಎರಡು ಹಳದಿ ಕಾಲುಗಳು ಕಾಣುತ್ತಿದ್ದವು. ಥೆಕ್ಲಾ ಟೀಚರು ಖಾಲಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಇದ್ದರು.