ಐದನೆಯ ಶಾರ್ಟ್‌ಕಟ್

ಆ ದಿನ ನನಗಾದ ಹೆದರಿಕೆಯನ್ನು ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ಕೀಬೋರ್ಡಿನ ಮೂರು ಗುಂಡಿಗೆ ಯಾರಾದರೂ ಹೆದರುತ್ತಾರಾ ಎನ್ನುತ್ತಾರೆ. ನಗಲಿ ಬಿಡಿ. ಅವರು ಟೈಪ್ ಮಾಡಿಕೊಟ್ಟ ಕಾಗದ ಹಿಡಿದುಕೊಂಡು ಯಾರೂ ಸಾವಿನ ಬಾಯಿಗೆ ಹೋಗಿಲ್ಲ.

ಎರಡು ಸಾವಿರದ ಒಂದನೇ ಇಸವಿ. ಚಳ್ಳಕೆರೆಯಲ್ಲಿ ಡಾಕ್ಟರ್ ನಾಗಭೂಷಣ ಅವರ ನರ್ಸಿಂಗ್ ಹೋಮಿನಲ್ಲಿ ನಾನು ಟೈಪಿಸ್ಟ್. ಡಾಕ್ಟರು ಕೈಬರಹದಲ್ಲಿ ಗೀಚಿ ಕೊಟ್ಟದ್ದನ್ನು ಇಂಗ್ಲಿಷಿನಲ್ಲಿ ನೀಟಾಗಿ ಟೈಪ್ ಮಾಡಿ, ಎರಡು ಪ್ರಿಂಟ್ ತೆಗೆದು, ಒಂದನ್ನು ರೋಗಿಗೆ ಕೊಟ್ಟು ಇನ್ನೊಂದನ್ನು ಫೈಲಿಗೆ ಹಾಕುವುದು ನನ್ನ ಕೆಲಸ. ನಾನು ಕಲಿತದ್ದು ಅಜ್ಜಪ್ಪ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಕೈ ಮೇಲೆ ಟವೆಲ್ ಹೊದಿಸಿ ಕಲಿಸುತ್ತಿದ್ದರು ಪುಣ್ಯಾತ್ಮ. ಬರೆದುಕೊಟ್ಟ ಹಾಳೆ ಬಿಟ್ಟು ಕಣ್ಣು ಅತ್ತಿತ್ತ ಸರಿದರೆ ಸ್ಕೇಲಿನಿಂದ ಗೆಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಕಂಪ್ಯೂಟರ್ ಬಂದ ಮೇಲೂ ನಾನು ಪರದೆಯ ಕಡೆ ನೋಡುತ್ತಿರಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪದೇ ಪದೇ ಬರುವ ಸಾಲುಗಳಿಗೆ ನಾನೇ ಶಾರ್ಟ್‌ಕಟ್ ಮಾಡಿಕೊಂಡಿದ್ದೆ. ಹಳೇ ಕಂಪ್ಯೂಟರಿನಲ್ಲಿ ಅವು ಐದಿದ್ದವು. ಐದನೆಯದು ಕಂಟ್ರೋಲ್, ಶಿಫ್ಟ್ ಮತ್ತು ಎ. ಮೂರನ್ನೂ ಒಟ್ಟಿಗೆ ಒತ್ತಿದರೆ ‘ಈ ರೋಗಿಗೆ ಪೆನಿಸಿಲಿನ್ ಒಗ್ಗುವುದಿಲ್ಲ, ಟೆಸ್ಟ್ ಡೋಸ್ ಕೂಡ ಕೊಡಬೇಡಿ’ ಎಂಬ ಅರ್ಥದ ಇಂಗ್ಲಿಷ್ ಸಾಲು ದಪ್ಪಕ್ಷರದಲ್ಲಿ ಬಂದು ಕೂರುತ್ತಿತ್ತು. ತಿಂಗಳಿಗೆ ಒಂದು ಸಲ ಬೇಕಾದರೆ ಹೆಚ್ಚು.

ಆ ಹಳೇ ಮೆಷಿನ್ ಸುಟ್ಟುಹೋಯಿತು. ಸೋಮವಾರ ಚಿತ್ರದುರ್ಗದಿಂದ ಕಂಪ್ಯೂಟರ್ ಅಂಗಡಿಯ ಮಾರುತೇಶ ಹೊಸದು ತಂದು ಕೂರಿಸಿದ. ಫ್ಲಾಪಿಗಳಲ್ಲಿದ್ದ ಫೈಲುಗಳನ್ನೆಲ್ಲ ಇಳಿಸಿಕೊಟ್ಟ.

“ಶಾರ್ಟ್‌ಕಟ್ ಮಾತ್ರ ಬಂದಿಲ್ಲಕ್ಕಾ, ಅವು ಹಳೇದ್ರಲ್ಲೇ ಹೋದ್ವು. ಯಾವ್ಯಾವ್ದು ಬೇಕು ಹೇಳು, ಮಾಡಿಕೊಡ್ತೀನಿ,” ಎಂದ.

ದಿನಾ ಬಳಸುವ ನಾಲ್ಕನ್ನು ಪಟಪಟ ಹೇಳಿದೆ. ಐದನೆಯದು ನೆನಪಾಗಲೇ ಇಲ್ಲ. ಅದು ಬೆರಳಿಗೆ ಗೊತ್ತಿತ್ತೇ ಹೊರತು ಬಾಯಿಗೆ ಬರಲಿಲ್ಲ.

ಗುರುವಾರ ಬೆಳಗ್ಗೆ ಕ್ಯಾತಣ್ಣ ಡಿಸ್‌ಚಾರ್ಜ್ ಆಗಿ ಹೊರಟರು. ಮೊಳಕಾಲ್ಮುರು ಕಡೆಯ ಸಿದ್ದಾಪುರದ ಹತ್ತಿರದ ಹಟ್ಟಿಯವರು, ಅರವತ್ತರ ಮೇಲಾಗಿತ್ತು, ಕುರಿ ಕಾಯುವವರು. ಬೇಲಿಯ ತಂತಿ ಮೀನಖಂಡವನ್ನು ಸೀಳಿ ಕೀವಾಗಿತ್ತು. ಬಂದ ದಿನ ಡಾಕ್ಟರು ಪೆನಿಸಿಲಿನ್ನಿನ ಟೆಸ್ಟ್ ಡೋಸ್ ಹಾಕಿದ್ದರು ಅಷ್ಟೇ, ಎರಡು ನಿಮಿಷದಲ್ಲಿ ಮನುಷ್ಯನ ತುಟಿ ಊದಿ, ಕಣ್ಣು ಮೇಲೆ ಸಿಕ್ಕಿಕೊಂಡಿತು. ಡಾಕ್ಟರೂ ಸಿಸ್ಟರ್ ನಾಗರತ್ನಕ್ಕನೂ ಒದ್ದಾಡಿ ಉಳಿಸಿಕೊಂಡರು. ಆಮೇಲೆ ಹತ್ತು ದಿನ ಕ್ಯಾತಣ್ಣನಿಗೆ ಅದೇ ಮಾತು. ಟೀ ತರುವವನನ್ನೂ ಬಿಡುತ್ತಿರಲಿಲ್ಲ.

“ಯಮ ಬಂದು ಒಂದ್ ಕೈ ಹಿಡ್ಕಂಡಿದ್ದ ಕಣಮ್ಮ. ಡಾಕ್ಟ್ರು ಇನ್ನೊಂದ್ ಕೈ ಹಿಡ್ದು ಎಳ್ಕಂಡ್ರು!”

ಇನ್ನು ದಿನಾ ಡ್ರೆಸಿಂಗ್ ಮಾಡಿಸುವುದಕ್ಕೆ, ಇಂಜೆಕ್ಷನ್ ಹಾಕಿಸುವುದಕ್ಕೆ ಮೊಳಕಾಲ್ಮುರಿನ ಒಂದು ನರ್ಸಿಂಗ್ ಹೋಮೇ ಅವರಿಗೆ ಹತ್ತಿರ. ಅಲ್ಲಿಗೆ ಕಾಗದ ಬೇಕಿತ್ತು. ಟೈಪ್ ಮಾಡಿದೆ, ಕೊನೆಯಲ್ಲಿ ಮೂರು ಗುಂಡಿ ಒತ್ತಿದೆ, ಡಾಕ್ಟರ ಹೆಸರು ಹೊಡೆದೆ. ಎರಡು ಪ್ರಿಂಟ್ ತೆಗೆದೆ. ಡಾಕ್ಟರು ಚಿತ್ರದುರ್ಗಕ್ಕೆ ಹೊರಡುವ ಅವಸರದಲ್ಲಿದ್ದರು. ನಿಂತೇ ಸಹಿ ಹಾಕಿದರು.

“ಏನ್ ಸ್ವಪ್ನ, ಇವತ್ತು ನನ್ ಹೆಸರು ದೊಡ್ಡಕ್ಷರದಲ್ಲಿ ಬರ್ದಿದೀಯ!” ಎಂದು ನಕ್ಕರು. ಹೊಸ ಮೆಷಿನ್ನಿನ ಗತ್ತು ಸಾರ್ ಎಂದು ನಾನೂ ನಕ್ಕೆ. ಕ್ಯಾತಣ್ಣ, ಅವರ ಹೆಂಡತಿ ಜುಂಜಮ್ಮ ಇಬ್ಬರೂ ಕೈ ಮುಗಿದು ಒಂಬತ್ತೂವರೆ ಬಸ್ಸಿಗೆ ಹೋದರು. ಮನೆಗೆ ಹೋಗಿ ಉಂಡು, ಮಧ್ಯಾಹ್ನ ಮೊಳಕಾಲ್ಮುರಿಗೆ ಬಂದು ಡ್ರೆಸಿಂಗ್ ಮಾಡಿಸಿಕೊಳ್ಳುತ್ತೇವೆ ಎಂದಿದ್ದರು.

ಹನ್ನೆರಡು ಗಂಟೆಗೆ ಫೈಲಿಗೆ ಹಾಕಲು ಆ ಕಾಪಿಯನ್ನು ಎತ್ತಿಕೊಂಡೆ. ಡಾಕ್ಟರ ಹೆಸರು ಮಾತ್ರ ಯಾಕೆ ಹೀಗೆ ಅಬ್ಬರಿಸುತ್ತಿದೆ ಎಂದು ನೋಡಿದೆ. ಅದರ ಮೇಲೆ ಖಾಲಿ. ದಪ್ಪಕ್ಷರದ ಸಾಲೇ ಇರಲಿಲ್ಲ.

ಅಯ್ಯೋ ದೇವರೇ! ಕೂತ ಕುರ್ಚಿ ಜಾರಿದಂತಾಯಿತು. ಮೆಷಿನ್ನಿನ ಮುಂದೆ ಕೂತು, ಕಣ್ಣಿಟ್ಟು, ಮೂರು ಗುಂಡಿಗಳನ್ನು ಮತ್ತೆ ಒತ್ತಿದೆ. ಏನೂ ಬರಲಿಲ್ಲ, ಕರ್ಸರ್ ಮಾತ್ರ ಮಿಟುಕುತ್ತಿತ್ತು. ಒಂದಕ್ಷರ ಹೊಡೆದೆ, ದೊಡ್ಡದು ಬಿತ್ತು. ಇನ್ನೊಂದು, ಅದೂ ದೊಡ್ಡದೇ. ಆಗ ಗೊತ್ತಾಯಿತು. ಸಾಫ್ಟ್‌ವೇರಿನವರು ಅದೇ ಮೂರು ಗುಂಡಿಗೆ ಮೊದಲಿಂದಲೂ ತಮ್ಮದೇ ಕೆಲಸ ಇಟ್ಟಿದ್ದರು, ಇಲ್ಲಿಂದ ಮುಂದೆ ಎಲ್ಲವೂ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್, ಎಂದು. ಹಳೇ ಮೆಷಿನ್ನಿನಲ್ಲಿ ನಾನು ಅದನ್ನು ಅಳಿಸಿ ನನ್ನ ಸಾಲನ್ನು ಕೂರಿಸಿದ್ದೆ. ಹೊಸದಕ್ಕೆ ನನ್ನ ಸಾಲೂ ಗೊತ್ತಿಲ್ಲ, ಕ್ಯಾತಣ್ಣನೂ ಗೊತ್ತಿಲ್ಲ.

ಒಂದು ಮಾತು ಮುಚ್ಚಿಡಬಾರದು. ಫೈಲಿನ ಕಾಪಿಯನ್ನು ಬದಲಾಯಿಸಿಬಿಡಲೇ ಎಂದು ಮೊದಲು ಅನ್ನಿಸಿತು. ಸಾಲು ಸೇರಿಸಿ ಇನ್ನೊಂದು ಪ್ರಿಂಟ್ ತೆಗೆದು ಹಾಕಿದರೆ ನನ್ನನ್ನು ಯಾರು ಕೇಳುತ್ತಾರೆ? ಹಾಗೆ ಯೋಚಿಸಿದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಎದ್ದು ಹೋಗಿ ನಾಗರತ್ನಕ್ಕನಿಗೆ ಕಾಪಿ ತೋರಿಸಿದೆ. ಪೆನಿಸಿಲಿನ್ ಸಾಲು ಬಂದಿಲ್ಲಕ್ಕಾ ಎಂದೆ.

ಓದಿದವಳೇ ನಾಗರತ್ನಕ್ಕ ಮೊಳಕಾಲ್ಮುರಿಗೆ ಫೋನ್ ಹಚ್ಚಿದಳು. ‘ಈ ಮಾರ್ಗದ ಎಲ್ಲಾ ಲೈನುಗಳು ಕಾರ್ಯನಿರತವಾಗಿವೆ’ ಎಂದು ಆ ಕಡೆಯ ಹೆಂಗಸು ತಣ್ಣಗೆ ಹೇಳಿದಳು. ಮತ್ತೆ ಹಚ್ಚಿದಳು. ಅದೇ ರಾಗ.

“ನಾನು ಹಚ್ತಾನೇ ಇರ್ತೀನಿ. ನೀನು ಬಸ್ ಹತ್ತೇ! ನಿಂತ್ಕಂಡು ನನ್ ಮುಖ ಏನ್ ನೋಡ್ತೀಯಾ?” ಎಂದು ಗದರಿದಳು.

ಹನ್ನೆರಡೂವರೆ ಬಸ್ಸು ಸಿಕ್ಕಿತು. ಸೀಟಿನ ತುದಿಯಲ್ಲಿ ಕೂತು ಮುಂದಿನ ಸರಳನ್ನು ಹಿಡಿದುಕೊಂಡೆ. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸು ನನಗೂ ಒಂದು ಹಿಡಿ ಕೊಡಲು ಬಂದಳು, ನಾನು ತಲೆ ಅಲ್ಲಾಡಿಸಿದೆ. ಕಣ್ಣು ಮುಚ್ಚಿದರೆ ಊದಿದ ಆ ತುಟಿ ಕಾಣುತ್ತಿತ್ತು. ಮೊದಲ ಸಲ ಡಾಕ್ಟರು ಪಕ್ಕದಲ್ಲೇ ಇದ್ದರು. ಅಲ್ಲಿ ಡಾಕ್ಟರು ಇರುತ್ತಾರೋ ಇಲ್ಲವೋ, ಯಾರಿಗೆ ಗೊತ್ತು?

ತಳುಕಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಟೀ ಅಂಗಡಿಗೆ ಹೋದ. ಐದು ನಿಮಿಷವಾಯಿತು, ಎಂಟಾಯಿತು. ಕಂಡಕ್ಟರ್ ಕೊಟ್ಟೂರಪ್ಪ ಬಾಗಿಲಲ್ಲಿ ನಿಂತು ಬಳ್ಳಾರಿ ಬಳ್ಳಾರಿ ಎಂದು ಕೂಗುತ್ತಲೇ ಇದ್ದ.

“ಹೊರಡ್ರೀ! ಇನ್ನೆಷ್ಟೊತ್ತು ನಿಲ್ಲಿಸ್ತೀರಿ?” ಎಂದು ಕಿರುಚಿದೆ.

“ಏನಮ್ಮಾ, ಮುಹೂರ್ತ ಮೀರಿಹೋಗ್ತೈತಾ?” ಎಂದು ಅವನು ಹಲ್ಲು ಕಿರಿದ. ಹಿಂದೆ ಕೂತವರೂ ನಕ್ಕರು.

“ಒಬ್ರ ಜೀವ ಹೋಗ್ತೈತ್ರೀ! ನನ್ನಿಂದ ಹೋಗ್ತೈತೆ!”

ನನಗೇ ಗೊತ್ತಿಲ್ಲದಂತೆ ಅಳು ಒತ್ತರಿಸಿ ಬಂದಿತ್ತು. ಕೊಟ್ಟೂರಪ್ಪನ ನಗು ಹಾರಿಹೋಯಿತು. ಸೀಟಿ ಊದಿ, “ಲೇ ಉಗ್ರಪ್ಪ, ಲೋಟ ಬಿಸಾಕಿ ಬಾರಲೇ!” ಎಂದು ಡ್ರೈವರನ್ನು ಕರೆದ. ಆಮೇಲೆ ಮೊಳಕಾಲ್ಮುರಿಗೆ ತಿರುಗುವ ಹಾನಗಲ್ ಕ್ರಾಸಿನವರೆಗೆ ಕೈ ಅಡ್ಡ ಹಾಕಿದವರಿಗೂ ನಿಲ್ಲಿಸಲಿಲ್ಲ.

ದಾರಿಯುದ್ದಕ್ಕೂ ನಾನು ಒಂದೇ ಒಂದು ಆಸೆ ಹಿಡಿದುಕೊಂಡಿದ್ದೆ. ಕ್ಯಾತಣ್ಣ ಸುಮ್ಮನಿರುವ ಆಸಾಮಿಯಲ್ಲ. ಊರಿಗೆಲ್ಲ ಹೇಳುವವರು ಅಲ್ಲಿನ ನರ್ಸಿಗೆ ಹೇಳದೆ ಇರುತ್ತಾರಾ? ಹೇಳಿಯೇ ಹೇಳುತ್ತಾರೆ. ಹೇಳಲಪ್ಪಾ ದೇವರೇ, ಯಮನ ಕಥೆಯನ್ನು ಇವತ್ತೂ ಹೇಳಲಿ.

ಕ್ರಾಸಿನಲ್ಲಿ ಇಳಿದೆ. “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ ಕೇಳಿದ ಆಟೋದವನು. ಆಸ್ಪತ್ರೆಗೆ, ಜಲ್ದಿ ಎಂದೆ. ಮೊಳಕಾಲ್ಮುರು ಮುಟ್ಟುವಾಗ ಎರಡು ಗಂಟೆ ದಾಟಿ ಹತ್ತು ನಿಮಿಷ. ನರ್ಸಿಂಗ್ ಹೋಮಿನ ಬಾಗಿಲಲ್ಲಿ ಏಳೆಂಟು ಜನ ಸೇರಿದ್ದರು. ಅವರ ನಡುವೆ ನೆಲದ ಮೇಲೆ ಜುಂಜಮ್ಮ ಕೂತಿದ್ದರು. ನನ್ನನ್ನು ನೋಡಿ ಎರಡೂ ಕೈ ಚಾಚಿದರು.

“ಬಂದ್ಯಾ ಸ್ವಪ್ನಮ್ಮ? ನಮ್ ಯಜಮಾನ್ರಿಗೆ ಅದೇನೋ ಚುಚ್ಚಿಬಿಟ್ರು ಕಣವ್ವ. ಅವತ್ತಿನಂಗೇ ಬಿದ್ದೋದ್ರು.”

ಹಾಗಾದರೆ ನಾಗರತ್ನಕ್ಕನ ಫೋನೂ ಸಿಕ್ಕಿರಲಿಲ್ಲ. ಜನರನ್ನು ಸರಿಸಿಕೊಂಡು ಒಳಗೆ ಹೋದೆ.

ಕ್ಯಾತಣ್ಣ ಮಂಚದ ಮೇಲಿದ್ದರು. ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ಮೂಗಿಗೆ ಆಕ್ಸಿಜನ್, ಕೈಗೆ ಗ್ಲೂಕೋಸ್. ಎದೆ ಮಾತ್ರ ಏರಿ ಇಳಿಯುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಒಂದು ಸಲ ಏರಿತು. ಇಳಿಯಿತು. ಮತ್ತೆ ಏರಿತು. ಅಲ್ಲಿನ ಡಾಕ್ಟರು ನಾಡಿ ಹಿಡಿದುಕೊಂಡೇ ಒಬ್ಬ ನರ್ಸನ್ನು ಬೈಯುತ್ತಿದ್ದರು.

“ನಾನು ಊಟಕ್ಕೆ ಹೋಗೋದು ಎರಡ್ ನಿಮಿಷ ತಡ ಆಗಿದ್ದಕ್ಕೆ ಈ ಮನುಷ್ಯ ಉಳ್ಕೊಂಡ. ಪೆನಿಸಿಲಿನ್ ನನ್ನ ಕೇಳಿ ಹಾಕ್ಬೇಕು ಅನ್ನೋ ಬುದ್ಧಿ ಬೇಡ್ವಾ ಶಿಲ್ಪ?”

ಆ ಶಿಲ್ಪ ನನಗಿಂತ ಚಿಕ್ಕವಳು. ಕೈಯಲ್ಲಿ ನನ್ನ ಕಾಗದವೇ ಇತ್ತು. “ಕೀವಿನ ಗಾಯಕ್ಕೆ ದಿನಾ ಹಾಕೋದು ಅದೇ ಸಾರ್, ಬೇಡ ಅಂತ ಇದ್ರಲ್ಲಿ ಎಲ್ಲೂ ಇಲ್ಲ. ನೀವೇ ನೋಡಿ ಸಾರ್,” ಎಂದು ಅಳುತ್ತಿದ್ದಳು.

“ಅವಳನ್ನ ಬೈಬೇಡ್ರಿ ಸಾರ್. ಟೈಪ್ ಮಾಡಿದ್ದು ನಾನು. ಆ ಸಾಲು ಬಿಟ್ಟೋಗೈತೆ,” ಎಂದೆ.

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈದಿದ್ದರೆ ವಾಸಿಯಿತ್ತು. ಮತ್ತೆ ನಾಡಿಯ ಕಡೆ ತಿರುಗಿದರು.

ನಾಲ್ಕು ಗಂಟೆಯ ಹೊತ್ತಿಗೆ ಊತ ಇಳಿಯತೊಡಗಿತು. ಜೀವಕ್ಕೆ ಇನ್ನು ಭಯವಿಲ್ಲ ಎಂದು ಡಾಕ್ಟರು ಜುಂಜಮ್ಮನಿಗೆ ಹೇಳಿ, ಹೊರಗೆ ಕೂರಿಸಿದ್ದ ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ನಾನು ಮಂಚದ ಪಕ್ಕ ಕುಕ್ಕರಿಸಿದೆ. ದುಃಖಕ್ಕೋ ಸಿಟ್ಟಿಗೋ ಕ್ಯಾತಣ್ಣನ ಮೇಲೆಯೇ ರೇಗಿದೆ.

“ಊರಿಗೆಲ್ಲ ಹೇಳ್ಕಂಡು ತಿರುಗ್ತಿದ್ರಲ್ಲ, ಇಲ್ಲಿ ಯಾಕ್ರೀ ಬಾಯಿ ಬಿಡ್ಲಿಲ್ಲ?”

ಅವರು ಕಷ್ಟಪಟ್ಟು ತುಟಿ ಆಡಿಸಿದರು.

“ಹೇಳ್ದೆ ಕಣಮ್ಮ. ನನಗೊಂದು ಸೂಜಿ ಒಗ್ಗಲ್ಲ ಅಂದೆ. ಆ ಹುಡುಗಿ ಪಾಪ ಎರಡೆರಡ್ ಸಲ ಕಾಗದ ಓದ್ತು. ಹಂಗೇನೂ ಬರ್ದಿಲ್ವಲ್ಲ ತಾತ ಅಂತು.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಬರ್ದೋಳು ನಮ್ ಸ್ವಪ್ನಮ್ಮ, ಅವಳು ಮರೆಯೋಳಲ್ಲ ಅಂದ್ಕಂಡೆ. ಅವಳು ಬರ್ದಿಲ್ಲ ಅಂದ್ರೆ ನನಗೆ ವಾಸಿಯಾಗೈತೆ ಅಂತ ನಾನೇ ತೋಳು ಕೊಟ್ಟೆ.”

ನಾನು ಮಂಚದ ಅಂಚಿಗೆ ಹಣೆ ಹಚ್ಚಿ ಜೋರಾಗಿ ಅತ್ತುಬಿಟ್ಟೆ. ಜುಂಜಮ್ಮ ಸೆರಗಿನ ತುದಿಯಿಂದ ಗಂಡನ ಬಾಯಿ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೇ.

“ಹೆಂಗ್ ತಪ್ಪೋಯ್ತವ್ವ ಅದು?”

ಹೊಸ ಮೆಷಿನ್ನು, ಮಾರುತೇಶ, ಮೂರು ಗುಂಡಿ, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡೆ.

“ಬರೆದ ಮೇಲೆ ನಾನು ಓದ್ಲಿಲ್ಲ ಜುಂಜಮ್ಮ,” ಎಂದೆ.